ಮೇಲಿನ ಜಾಗ

ಮಾರ್ಚ್ ೬

ಅಮ್ಮ,

ಬಂದು ಸೇರಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಕೋಣೆ ನಾನು ಬಿಟ್ಟುಹೋದ ಹಾಗೆಯೇ ಇದೆ. ನನ್ನ ಜೊತೆ ಇರುವ ಹೊಲಿಗೆಯ ಅಕ್ಕ ನನ್ನ ಮಂಚದ ಮೇಲೆ ಅವಳ ಬಟ್ಟೆ ಒಣಹಾಕಿದ್ದಳು, ಅಷ್ಟೆ.

ಮರುದಿನವೇ ಕೆಲಸಕ್ಕೆ ಹೋದೆ. ಚಪ್ಪಲಿಯ ಅಟ್ಟೆಗೆ ಅಂಟು ಬಳಿಯುವುದಕ್ಕೆ ಮನಸ್ಸು ಬೇಕಾಗಿಲ್ಲ, ಕೈ ಸಾಕು. ಸೂಪರ್‌ವೈಸರ್ ಬಂದು, "ಅಪ್ಪ ಹೋದರಂತೆ?" ಅಂದ. "ಹೂಂ" ಅಂದೆ. "ಮೊದಲು ಎಡಗಾಲಿನವು ಮುಗಿಸು" ಅಂದ. ಮುಗಿಸಿದೆ. ನನಗೆ ಇನ್ನೂ ಅಳು ಬಂದಿಲ್ಲ. ಐಸ್ ಫ್ಯಾಕ್ಟರಿಯಲ್ಲಿ ದುಡಿದು ದುಡಿದು ಅಪ್ಪನ ಬೆರಳ ತುದಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ತಂಪೂ ತಿಳಿಯುತ್ತಿರಲಿಲ್ಲವಲ್ಲ, ನನ್ನ ಸ್ಥಿತಿ ಈಗ ಹಾಗಿದೆ.

ಅಲ್ಲಿದ್ದಾಗ ಜನ ತುಂಬಿದ್ದರು, ಹೇಳಲು ಆಗಲಿಲ್ಲ. ಈಗ ಬರೆಯುತ್ತೇನೆ. ಅಪ್ಪನ ಸಮಾಧಿಯ ಮೇಲೆ ಬಡಗಿ ಮಾವ ನೆಟ್ಟಿರುವ ಶಿಲುಬೆಯನ್ನು ತೆಗೆಸು. ನಾನು ಸೇರಿಕೊಂಡ ಸಭೆ ಅದನ್ನು ಯಾಕೆ ಒಪ್ಪುವುದಿಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಯೇಸು ಪ್ರಾಣ ಬಿಟ್ಟದ್ದು ನೇರವಾದ ಒಂದು ಕಂಬದ ಮೇಲೆ. ಅಡ್ಡಮರ ಇತ್ತೆಂದು ಯಾರೂ ತೋರಿಸಿಕೊಟ್ಟಿಲ್ಲ. ಮೊದಲ ಶಿಷ್ಯರು ಆ ಗುರುತನ್ನು ಗೋಡೆಗೂ ಹಾಕಲಿಲ್ಲ, ಕೊರಳಿಗೂ ಹಾಕಲಿಲ್ಲ. ಎಷ್ಟೋ ಕಾಲವಾದ ಮೇಲೆ ರಾಜರು ಗುರಾಣಿಗೆ ಹಾಕಿಕೊಂಡರು, ಯುದ್ಧ ಮಾಡಿದರು. ಅದಿರಲಿ. ಯಾರಾದರೂ ನಿನ್ನ ಮಗನನ್ನು ಚಾಕುವಿನಿಂದ ಕೊಂದರೆ ನೀನು ಆ ಚಾಕುವನ್ನು ತೊಳೆದು ಕೊರಳಿಗೆ ಕಟ್ಟಿಕೊಳ್ಳುತ್ತೀಯಾ? ಅದಕ್ಕೆ ಮುತ್ತಿಡುತ್ತೀಯಾ?

ಆಸ್ಪತ್ರೆಯಲ್ಲಿ ಸಭೆಯ ಕರಪತ್ರ ಹಿಡಿದು ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದ್ದೆ. "ನೀನು ಹೇಳೋದೂ ಸರಿ" ಅಂದಿದ್ದರು. ನೀನು ಆಗ ನೀರು ತರಲು ಹೋಗಿದ್ದೆ.

ಅಂಟಿನ ಕೈಯಲ್ಲಿ ಬರೆದದ್ದು, ಕಲೆಗಳಾಗಿವೆ.
ಸೂಜಿ


ಮಾರ್ಚ್ ೧೯

ಸೂಜಿ,

ನಿನ್ನ ಕಾಗದ ಸಿಕ್ಕಿತು. ಸೂಜಿ ಎಂದು ಅಪ್ಪ ನಿನಗೆ ಸುಮ್ಮನೆ ಹೆಸರಿಡಲಿಲ್ಲ.

ನಾನೂ ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತಿದ್ದೇನೆ. ನನ್ನ ಜೊತೆ ಚಾದರ ಮಡಿಸಲು ಹೊಸಬಳನ್ನು ಹಾಕಿದ್ದಾರೆ. ಕುಳ್ಳಿ. ನಾನು ಎತ್ತಿ ಹಿಡಿದರೆ ಅವಳ ಕಡೆಯ ಮೂಲೆ ನೆಲ ಗುಡಿಸುತ್ತದೆ. "ಸ್ಟೂಲ್ ಹಾಕ್ಕೋ" ಅಂದೆ. "ನೀವೇ ಬಗ್ಗಿ" ಅಂದಳು. ಬಗ್ಗಿ ಮಡಿಸುತ್ತಿದ್ದೇನೆ.

ಚಾಕುವಿನ ಮಾತು ಓದಿದೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನಿಮ್ಮಪ್ಪ ಜೀವ ಬಿಟ್ಟ ಮಂಚದ ಮೇಲೇ ನಾನು ದಿನಾ ಮಲಗುತ್ತೇನೆ. ಅದನ್ನು ಏನು ಮಾಡಲಿ? ಬೀದಿಗೆ ಎಸೆಯಲೇ? ಅವರು ಮಲಗುತ್ತಿದ್ದ ಕಡೆ ಹಳ್ಳ ಬಿದ್ದಿದೆ, ನಾನು ಈಗ ಆ ಕಡೆಗೇ ಹೊರಳಿಕೊಂಡಿರುತ್ತೇನೆ. ನಿಮ್ಮ ಕರಪತ್ರದಲ್ಲಿ ಮಂಚದ ವಿಷಯ ಬರೆದಿದ್ದರೆ ಕಳಿಸು.

"ನೀನು ಹೇಳೋದೂ ಸರಿ" ಎಂದು ಅವರು ನಿನಗೆ ಒಬ್ಬಳಿಗೇ ಹೇಳಲಿಲ್ಲ. ಪಾದ್ರಿಗೂ ಹೇಳಿದರು. ಹಾಲಿನವನಿಗೂ ಹೇಳಿದರು. ಮದುವೆಯಾದ ಹೊಸದರಲ್ಲಿ ನಾನು ಅತ್ತೆಯ ಮೇಲೆ ದೂರು ಹೇಳಿದರೆ ನನಗೂ ಅದೇ ಹೇಳುತ್ತಿದ್ದರು, ಅತ್ತೆಯ ಹತ್ತಿರ ಹೋಗಿ ಅವರಿಗೂ ಅದೇ ಹೇಳುತ್ತಿದ್ದರು.

ಬಡಗಿ ಮಾವನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವನ ಚರ್ಚು ಬೇರೆ ಎಂದು ನಿನಗೆ ಗೊತ್ತಲ್ಲ. "ನಮ್ಮಲ್ಲಿ ಶಿಲುಬೆ ಖಾಲಿ ಅಕ್ಕ, ಆತ ಎದ್ದು ಹೋಗಿದ್ದಾನೆ. ನಿಮ್ಮ ಚರ್ಚಲ್ಲಿ ಆತನನ್ನ ಇನ್ನೂ ಶಿಲುಬೆಯಿಂದ ಕೆಳಗೆ ಇಳಿಸಿಲ್ಲ. ನಿಮ್ಮ ಹುಡುಗಿಯವರು ಮರವನ್ನೇ ತೆಗೆದುಬಿಟ್ಟರು. ಹೀಗೇ ಆದರೆ ನಾನು ಹೊಟ್ಟೆಗೇನು ತಿನ್ನಲಿ?" ಅಂದ. ನಗು ಬಂತು. ಅವರು ಹೋದ ಮೇಲೆ ಅದೇ ಮೊದಲು ನಕ್ಕದ್ದು, ಅದೂ ಬಾಯಲ್ಲಿ ಮಾತ್ರ.

ಇನ್ನೊಂದು ಮಾತು ನಿನಗೆ ಗೊತ್ತಿರಲಿ. ಆ ಗುಂಡಿಯನ್ನು ಇಬ್ಬರಿಗೆಂದು ಆಳವಾಗಿ ತೋಡಿಸಿದ್ದು. ಅಪ್ಪ ಕೆಳಗಿದ್ದಾರೆ. ಮೇಲಿನ ಜಾಗ ನನ್ನದು. ಶಿಲುಬೆಯ ಅಡ್ಡಪಟ್ಟಿಯ ಮೇಲೆ ಅವರ ಹೆಸರು ಬರೆಸಿ, ಕೆಳಗೆ ನನ್ನ ಹೆಸರಿಗೆ ಜಾಗ ಬಿಡಿಸಿದ್ದೇನೆ. ನನಗೆ ಇನ್ನು ಬೇರೆ ಆಸೆ ಯಾವುದೂ ಇಲ್ಲ, ಅಲ್ಲಿಗೆ ಹೋಗಿ ಮಲಗುವುದೊಂದೇ. ಅದರ ತಂಟೆಗೆ ಬರಬೇಡ.

ಮಡಿಸಿದ ಚಾದರಗಳ ನಡುವೆ ಕೂತು ಬರೆದವಳು,
ಅಮ್ಮ


ಏಪ್ರಿಲ್ ೨

ಅಮ್ಮ,

ಮಂಚಕ್ಕೆ ಯಾರೂ ಮೊಣಕಾಲೂರುವುದಿಲ್ಲ. ಮಂಚದ ಮುಂದೆ ಯಾರೂ ಮೇಣದ ಬತ್ತಿ ಹಚ್ಚುವುದಿಲ್ಲ. ವ್ಯತ್ಯಾಸ ಅದು.

ನೀನು ನಗಿಸಿ ಮಾತು ತಪ್ಪಿಸುತ್ತೀಯ. ಬಡಗಿ ಮಾವನೂ ಹಾಗೆಯೇ. ನಮ್ಮ ಮನೆಯಲ್ಲಿ ಸತ್ಯದ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ನಕ್ಕು, ಇನ್ನೊಬ್ಬರು ಕಾಫಿ ಸೋಸಲು ಎದ್ದು, ಅಪ್ಪ "ಎಲ್ಲರೂ ಹೇಳೋದು ಸರಿ" ಅಂದು, ಅಲ್ಲಿಗೆ ಮುಗಿಯುತ್ತಿತ್ತು. ನಾನು ಮನೆ ಬಿಟ್ಟದ್ದು ಕೆಲಸಕ್ಕೆ ಎಂದು ನೀನು ಊರಿಗೆಲ್ಲ ಹೇಳಿದ್ದೀಯ. ಹೇಳಿಕೋ.

ಭಾನುವಾರ ಹೊಲಿಗೆಯ ಅಕ್ಕನೂ ನಾನೂ ಮನೆಮನೆಗೆ ಹೋಗಿದ್ದೆವು. ಒಂದು ಬಾಗಿಲು ತೆಗೆದವಳು ನಿನ್ನ ವಯಸ್ಸಿನವಳು, ಕೊರಳಲ್ಲಿ ಸಣ್ಣ ಶಿಲುಬೆ. ನಾನು ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಬಿಸಿಲಲ್ಲಿ ನಿಂತಿದ್ದೀರಿ, ನೀರು ಬೇಕಾ?" ಅಂದಳು. ಕುಡಿದು ಬಂದೆವು. ಒಂದು ಕರಪತ್ರವನ್ನು ಅವಳ ಕಿಟಕಿಯ ಕಂಬಿಗೆ ಸಿಕ್ಕಿಸಿದೆ.

ಜನ ಸುಳ್ಳಿನ ಕೆಳಗೆ ಬದುಕುವುದನ್ನು ಸಹಿಸಿಕೊಳ್ಳಬಹುದೇನೋ. ಅಪ್ಪ ಸುಳ್ಳಿನ ಕೆಳಗೆ ಮಲಗಿರುವುದನ್ನು ನಾನು ಸಹಿಸುವುದಿಲ್ಲ. ಇನ್ನೊಮ್ಮೆ ಕೇಳುತ್ತೇನೆ, ತೆಗೆಸು.

ಉತ್ತರಕ್ಕೆ ಕಾದಿರುವ
ಸೂಜಿ


ಏಪ್ರಿಲ್ ೨೫

ಸೂಜಿ,

ತೆಗೆಸುವುದಿಲ್ಲ.

ನನಗೆ ಕೆಮ್ಮು. ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತೀರಲ್ಲ, ತೋರಿಸಿಕೊಳ್ಳಿ ಎಂದು ಕುಳ್ಳಿ ಬೈಯುತ್ತಾಳೆ. ಮನೆಯಲ್ಲಿ ಎಲ್ಲ ಹಾಗೆಯೇ ಇದೆ. ನಿಮ್ಮಪ್ಪನ ಕೋಟನ್ನು ಬಡಗಿ ಮಾವನಿಗೆ ಕೊಟ್ಟೆ, ತೋಳು ಉದ್ದವಾಯಿತಂತೆ.

ಈ ವಿಷಯ ಬಿಟ್ಟು ಬೇರೆ ಏನಾದರೂ ಬರೆ. ಊಟ ಮಾಡಿದೆಯಾ, ಮಲಗಿದೆಯಾ, ಹಾಗೆ ಏನಾದರೂ.

ಅಷ್ಟೇ,
ಅಮ್ಮ


ಮೇ ೨೭

ಅಮ್ಮ,

ನಿನಗೆ ಯಾರೋ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಗುರುವಾರ ಕಾರ್ಖಾನೆಗೆ ರಜೆ ಇತ್ತು. ಊರಿಗೆ ಬಂದಿದ್ದೆ. ನೀನು ಲಾಂಡ್ರಿಯಲ್ಲಿದ್ದೆ. ಮನೆಗೆ ಬರಲಿಲ್ಲ, ನೇರ ಸ್ಮಶಾನಕ್ಕೆ ಹೋದೆ. ಗರಗಸ ಇಲ್ಲಿಂದಲೇ ತಂದಿದ್ದೆ.

ಶಿಲುಬೆಯ ಅಡ್ಡಪಟ್ಟಿಯನ್ನು ಎರಡೂ ಕಡೆ ಕೊಯ್ದು ತೆಗೆದೆ. ಬಡಗಿ ಮಾವ ಗಟ್ಟಿಯಾಗಿ ಮಾಡಿದ್ದ, ಹೊತ್ತು ಹಿಡಿಯಿತು. ಹಗಲು ಹೊತ್ತಿನಲ್ಲೇ ಮಾಡಿದ್ದು, ಕದ್ದು ಮಾಡಲಿಲ್ಲ. ಪಕ್ಕದಲ್ಲಿ ಒಬ್ಬಳು ಅವರ ಮನೆಯ ಕಲ್ಲು ತೊಳೆಯುತ್ತಿದ್ದಳು. "ರಿಪೇರಿಯಾ?" ಅಂದಳು. "ಹೂಂ" ಅಂದೆ. "ಮರದ್ದಾದರೆ ಇದೇ ಗೋಳು" ಅಂದು ಮತ್ತೆ ತೊಳೆಯತೊಡಗಿದಳು.

ನೇರ ಕಂಬವನ್ನು ಹಾಗೇ ಬಿಟ್ಟಿದ್ದೇನೆ. ಅದನ್ನೂ ಕಿತ್ತುಹಾಕಬಹುದಿತ್ತು, ನಾವು ಕಂಬಕ್ಕೂ ಕೈಮುಗಿಯುವವರಲ್ಲ. ಆದರೆ ನಿನಗೆ ಗುರುತಿಗೆ ಏನಾದರೂ ಬೇಕಲ್ಲ. ನಿನಗಾಗಿ ಬಿಟ್ಟೆ. ಅಪ್ಪನ ಹೆಸರು ಅಡ್ಡಪಟ್ಟಿಯ ಜೊತೆ ಹೋಯಿತು, ಅದು ಗೊತ್ತು. ಮುಂದಿನ ಸಲ ಬರುವಾಗ ಹೆಸರಿನ ತಗಡು ಮಾಡಿಸಿ ತಂದು ಕಂಬಕ್ಕೆ ಹೊಡೆಯುತ್ತೇನೆ. ನಿನ್ನ ಹೆಸರಿಗೂ ಜಾಗ ಇರುವಂಥದ್ದು.

ಕೊಯ್ದ ತುಂಡುಗಳನ್ನು ಬಸ್ ನಿಲ್ದಾಣದ ಹೋಟೆಲಿನ ಒಲೆಗೆ ಕೊಟ್ಟೆ. "ಚೆನ್ನಾಗಿ ಒಣಗಿದೆ" ಅಂದ ಅವನು.

ನನಗೆ ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ, ಬೇಸರವೂ ಆಗಲಿಲ್ಲ. ಸರಿಯಾದ ಕೆಲಸಕ್ಕೆ ಸಮಾಧಾನ ಸಿಗಲೇಬೇಕು ಎಂದೇನಿಲ್ಲ.

ಬೈದಾದರೂ ಬರೆ.
ಸೂಜಿ


ಜೂನ್ ೨೨

ಅಮ್ಮ,

ಕಾಗದ ಬರಲಿಲ್ಲ. ತಗಡು ಬರೆಯುವವನನ್ನು ಕಂಡೆ. ಅಂಗಡಿ ಬೋರ್ಡು ಬರೆಯುವವನು. "ವಿಳಾಸ, ಫೋನ್ ನಂಬರು ಹಾಕಲಾ?" ಅಂದ. ಬೇಡ, ಹೆಸರು ಸಾಕು ಅಂದೆ. ಕಾರ್ಖಾನೆಯಲ್ಲಿ ಆರ್ಡರ್ ಜಾಸ್ತಿ, ರಜೆ ಕೊಡುತ್ತಿಲ್ಲ. ತಗಡು ಅವನ ಹತ್ತಿರವೇ ಇದೆ.

ಊಟ ಮಾಡುತ್ತಿದ್ದೇನೆ. ಮಲಗುತ್ತಿದ್ದೇನೆ. ನೀನು ಕೇಳಿದ್ದೆಯಲ್ಲ.

ಸೂಜಿ


ಜುಲೈ ೩೦

ಅಮ್ಮ,

ಕೆಮ್ಮು ಹೇಗಿದೆ ಎಂದಷ್ಟೇ ಬರೆ. ಬೇರೆ ಏನೂ ಬರೆಯಬೇಡ.

ಸೂಜಿ


ಆಗಸ್ಟ್ ೨೪

ಸೂಜಿ,

ಕೆಮ್ಮು ಹೋಯಿತು.

ನಿನ್ನ ಮೇ ತಿಂಗಳ ಕಾಗದ ಬಂದ ಮೇಲೆ ನಾನು ಸ್ಮಶಾನದ ಕಡೆಗೇ ಹೋಗಲಿಲ್ಲ. ಭಾನುವಾರ ತಪ್ಪದೆ ಹೋಗುತ್ತಿದ್ದವಳು ಆ ಬೀದಿಯನ್ನೇ ಬಿಟ್ಟು ಸುತ್ತಿ ಬರುತ್ತಿದ್ದೆ. ನೀನು ಮಾಡಿದ್ದನ್ನು ಕಣ್ಣಾರೆ ನೋಡಿಬಿಟ್ಟರೆ ನಿನಗೆ ಮತ್ತೆ ಕಾಗದ ಬರೆಯಲು ಆಗುವುದಿಲ್ಲ ಎಂದು ಹೆದರಿಕೆ. ನೋಡದೆಯೂ ಬರೆಯಲು ಆಗಲಿಲ್ಲ. ಹೋದ ವಾರ ಬಡಗಿ ಮಾವ ಹೊಸ ಅಡ್ಡಪಟ್ಟಿ ಮಾಡಿ ತಂದ. "ನಡಿ ಅಕ್ಕ, ಹೊಡೆದು ಬರೋಣ. ಅವಳು ಕೊಯ್ತಾ ಇರಲಿ, ನಾನು ಹೊಡೀತಾ ಇರ್ತೀನಿ" ಅಂದ. ಹೋದೆವು.

ಅಪ್ಪನ ಜಾಗದಲ್ಲಿ ಹೊಸ ಮಣ್ಣು. ಹೊಸ ಶಿಲುಬೆ. ಅದರ ಮೇಲೆ ಯಾವುದೋ ಹುಡುಗಿಯ ಹೆಸರು. ಹುಟ್ಟಿದ ವರ್ಷ ನೋಡಿದರೆ ನಿನಗಿಂತ ಸ್ವಲ್ಪ ದೊಡ್ಡವಳು.

ಬೇರೆ ಸಾಲಿಗೆ ಬಂದೆವೇನೋ ಎಂದು ಬಡಗಿ ಮಾವ ಆ ಕಡೆ ಈ ಕಡೆ ಓಡಾಡಿದ. ನಾನು ಓಡಾಡಲಿಲ್ಲ. ನನಗೆ ಜಾಗ ಗೊತ್ತು. ಸ್ಮಶಾನದ ಮೇಸ್ತ್ರಿಯನ್ನು ಕರೆದೆ. ಹಳಬ ಬಿಟ್ಟು ಹೋಗಿ ಹೊಸಬ ಬಂದಿದ್ದಾನೆ.

"ಇಲ್ಲಿ ನಮ್ಮ ಯಜಮಾನರು ಇದ್ದಾರೆ" ಅಂದೆ.

"ಇದ್ದಾರಲ್ಲಮ್ಮ, ಕೆಳಗೆ. ಅವರಿಗೆ ಏನೂ ಆಗಿಲ್ಲ. ಮೇಲಿನದು ಕೊಟ್ಟಿದ್ದೀವಿ."

"ಮೇಲಿನದು ನನ್ನದು."

"ಗೂಟ ಇತ್ತಲ್ಲಮ್ಮ. ಮನೆಯವರು ಮೇಲಿನ ಜಾಗ ಬೇಡ ಅಂದರೆ ನಾವು ಶಿಲುಬೆ ತೆಗೆದು ಬರೀ ಗೂಟ ನಿಲ್ಲಿಸ್ತೀವಿ. ಯಾರಾದರೂ ಕೇಳಿಕೊಂಡು ಬಂದರೆ ಗೂಟ ನೋಡಿ ಕೊಡ್ತೀವಿ. ಹಳೇ ಮೇಸ್ತ್ರಿ ಕಾಲದಿಂದ ಹಾಗೇ."

"ಪುಸ್ತಕ ನೋಡಬೇಕಿತ್ತು" ಎಂದು ಬಡಗಿ ಮಾವ ಜೋರು ಮಾಡಿದ.

"ಗುಂಡಿ ತೋಡೋನಿಗೆ ಗೂಟವೇ ಪುಸ್ತಕ ಸ್ವಾಮಿ."

"ನಾನು ಬೇಡ ಅಂದಿರಲಿಲ್ಲ" ಅಂದೆ.

"ಮತ್ತೆ ಶಿಲುಬೆ ತೆಗೆದವರು ಯಾರು?"

"ನನ್ನ ಮಗಳು."

"ಹಾಗಾದರೆ ಮನೆಯವರೇ ಆಯಿತಲ್ಲಮ್ಮ" ಅಂದ. ಕೆಟ್ಟ ಮನುಷ್ಯನಲ್ಲ. ಕೂರಲು ಕುರ್ಚಿ ತಂದುಕೊಟ್ಟ.

ಒಮ್ಮೆ ಎರಡೂ ಜಾಗ ತುಂಬಿದರೆ ಮತ್ತೆ ಆ ಗುಂಡಿಯನ್ನು ನಮ್ಮ ಕಾಲದಲ್ಲಿ ತೆರೆಯುವುದಿಲ್ಲವಂತೆ. ಅರ್ಜಿ ಕೊಟ್ಟರೆ ಮಾತ್ರ ಮೇಲಿರುವವಳನ್ನು ತೆಗೆದು ಬೇರೆ ಕಡೆ ಇಡುತ್ತಾರೆ. ಅದಕ್ಕೆ, ಶಿಲುಬೆ ತೆಗೆದವರು ತಾವು ತಪ್ಪಾಗಿ ತೆಗೆದೆವು ಎಂದು ಕೈಯಾರೆ ಬರೆದು ಸಹಿ ಹಾಕಿ ಕೊಡಬೇಕು.

ನಾವು ಹೊರಡುವ ಹೊತ್ತಿಗೆ ಆ ಹುಡುಗಿಯ ತಾಯಿ ಬಂದಳು. ಯಾವುದೋ ಶಾಲೆಯಲ್ಲಿ ಆಯಾ, ಸಮವಸ್ತ್ರದಲ್ಲೇ ಇದ್ದಳು. ಮಣ್ಣಿನ ಪಕ್ಕ ಕೂತು, ನಾನು ನಿಂತಿರುವುದು ನೋಡಿ ಸರಿದು ಜಾಗ ಕೊಟ್ಟಳು. "ನಿಮ್ಮವರು ಎಲ್ಲಿದ್ದಾರೆ?" ಅಂದಳು.

"ಇಲ್ಲೇ ಹತ್ತಿರ" ಅಂದೆ.

ನಿನ್ನನ್ನು ಬೈಯಲು ಕೂತೆ. ಬೈಗುಳ ಬರಲಿಲ್ಲ. ಇದಿಷ್ಟು ಬಂತು.

ಅಮ್ಮ


ಆಗಸ್ಟ್ ೨೯

ಅಮ್ಮ,

ಬರೆದಿದ್ದೇನೆ. ಇದರ ಜೊತೆಗೇ ಇದೆ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ: ನನ್ನ ತಂದೆಯ ಸಮಾಧಿಯ ಶಿಲುಬೆಯನ್ನು ತಾಯಿಯ ಒಪ್ಪಿಗೆಯಿಲ್ಲದೆ, ತಪ್ಪಾಗಿ ತೆಗೆದೆ. ಸಹಿ ಇದೆ, ದಿನಾಂಕ ಇದೆ.

ಮೊದಲು ಕರಡು ಬರೆದು ನಮ್ಮ ಸಭೆಯ ಹಿರಿಯ ಸಹೋದರರಿಗೆ ತೋರಿಸಿದೆ. ಗಡಿಯಾರ ರಿಪೇರಿಯ ಅಂಗಡಿ ಅವರದು. ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಓದಿದರು. "ತಾಯಿಯನ್ನ ಕೇಳದೆ ಮಾಡಿದೆ ಅಂತ ಬರಿ ತಂಗಿ, ಅದು ನಿಜ. 'ತಪ್ಪಾಗಿ' ಅನ್ನೋದು ಬೇಡ. ನಾಳೆ ಆ ಕಾಗದ ಪಾದ್ರಿ ಕೈಗೆ ಸಿಕ್ಕರೆ ಊರಿಗೆಲ್ಲ ಓದಿ ಹೇಳ್ತಾರೆ" ಅಂದರು.

"ಆ ಪದ ಇಲ್ಲದಿದ್ದರೆ ಅರ್ಜಿ ತಗೊಳ್ಳೋದಿಲ್ಲ ಅಣ್ಣ" ಅಂದೆ.

"ಸತ್ತವರಿಗೆ ಯಾವ ಅರಿವೂ ಇಲ್ಲ ಅಂತ ನೀನೇ ಮನೆಮನೆಗೆ ಹೋಗಿ ಹೇಳ್ತೀಯಲ್ಲ. ಯಾರ ಮೇಲೆ ಯಾರಿದ್ದರೇನು?"

ಅವರು ಹೇಳಿದ್ದು ನಮ್ಮ ಪಾಠವೇ. ಅಪ್ಪನಿಗೆ ತಿಳಿಯುವುದಿಲ್ಲ, ಆ ಹುಡುಗಿಗೂ ತಿಳಿಯುವುದಿಲ್ಲ. ನಿನಗೆ ತಿಳಿಯುತ್ತದೆ. ಅವರಿಗೆ ಅದನ್ನು ಹೇಳಲು ಹೊರಟೆ, ಅಷ್ಟರಲ್ಲಿ ಗಿರಾಕಿ ಬಂದ. ಅವನ ಗಡಿಯಾರ ಮುಂದೆ ಓಡುತ್ತಿತ್ತಂತೆ.

ಕೋಣೆಗೆ ಬಂದು ಆ ಪದ ಸೇರಿಸಿಯೇ ಬರೆದೆ. ಈ ಭಾನುವಾರ ಮನೆಮನೆಗೆ ಹೋಗಲಿಲ್ಲ. ಹೊಲಿಗೆಯ ಅಕ್ಕ ಯಾಕೆ ಎಂದು ಕೇಳಿದಳು. ತಲೆನೋವು ಅಂದೆ. ತಲೆ ನೋಯುತ್ತಿರಲಿಲ್ಲ, ಏನೂ ನೋಯುತ್ತಿರಲಿಲ್ಲ.

ಬೇಗ ಕೊಡು. ತಡವಾದರೆ ತೆಗೆಯುವುದು ಕಷ್ಟವಾಗಬಹುದು.

ಸೂಜಿ


ಸೆಪ್ಟೆಂಬರ್ ೧೪

ಸೂಜಿ,

ನಿನ್ನ ಬರಹ ಸಿಕ್ಕಿತು. ನಿನಗೆ ಅದನ್ನು ಬರೆಯಲು ಎಷ್ಟು ಕಷ್ಟವಾಗಿರಬಹುದು ಎಂದು ನನಗೆ ಗೊತ್ತು. ಚಿಕ್ಕವಳಿದ್ದಾಗ ಹಾಲು ಚೆಲ್ಲಿ, ಚೆಲ್ಲಿದೆ ಎಂದು ಒಪ್ಪುವ ಬದಲು ಇಡೀ ದಿನ ಮೂಲೆಯಲ್ಲಿ ನಿಂತವಳು ನೀನು.

ಅದನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಮೇಸ್ತ್ರಿಯ ಕೋಣೆಗೆ ಹೋಗಬೇಕಾದರೆ ಅಪ್ಪನ ಸಾಲು ದಾಟಿಯೇ ಹೋಗಬೇಕು. ಆಯಾ ಅಲ್ಲೇ ಇದ್ದಳು. ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. ಶಾಲೆಯಲ್ಲಿ ತಿಂದರೆ ಸೇರುವುದಿಲ್ಲವಂತೆ. ನನ್ನನ್ನು ಗುರುತು ಹಿಡಿದು, "ಬನ್ನಿ ಅಕ್ಕ, ಕೂತ್ಕೊಳ್ಳಿ" ಅಂದಳು. ಕೂತೆ.

"ಬೇರೆ ಕಡೆ ಒಂಟಿ ಜಾಗ ತೋರಿಸಿದ್ದರು. ನಾನೇ ಬೇಡ ಅಂದೆ" ಅಂದಳು. "ನನ್ನ ಮಗಳು ಒಬ್ಬಳೇ ಮಲಗಿದವಳಲ್ಲ ಅಕ್ಕ. ದೊಡ್ಡವಳಾದ ಮೇಲೂ ನನ್ನ ಪಕ್ಕಕ್ಕೇ ಬಂದು ಮಲಗೋಳು. ಇಲ್ಲಿ ಕೆಳಗೆ ಯಾರೋ ಹಿರಿಯರು ಇದ್ದಾರಂತೆ. ಯಾರೋ ಏನೋ, ಒಳ್ಳೆಯವರೇ ಇರಬೇಕು. ನಾನು ಬಂದಾಗೆಲ್ಲ ಅವರಿಗೂ ಹೇಳಿ ಹೋಗ್ತೀನಿ, ಸ್ವಲ್ಪ ನೋಡ್ಕೊಳ್ಳಿ ಅಂತ."

ಅವಳು ಡಬ್ಬಿ ಮುಚ್ಚಿ, ಕೈ ತೊಳೆದು, ಗಂಟೆಯಾಯಿತು ಎಂದು ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಮೇಸ್ತ್ರಿಯ ಕೋಣೆಗೆ ಹೋದೆ. ನಿನ್ನ ಬರಹ ಕೊಡಲಿಲ್ಲ. "ನನಗೊಂದು ಬೇರೆ ಜಾಗ ತೋರಿಸಿ" ಅಂದೆ.

ಗೋಡೆಯ ಪಕ್ಕ ತೋರಿಸಿದ. ನೆರಳಿದೆ. ಅಪ್ಪನಿಂದ ದೂರವೇ. ಮಧ್ಯೆ ಬಹಳ ಜನ.

ನನಗೆ ಬೇಕಿದ್ದದ್ದು ಅದೊಂದೇ ಆಗಿತ್ತು. ಇನ್ನು ಇಲ್ಲ. ಆಶ್ಚರ್ಯ ಏನೆಂದರೆ, ಬೆಳಿಗ್ಗೆ ಏಳುತ್ತೇನೆ, ಚಾದರ ಮಡಿಸುತ್ತೇನೆ. ನಿನ್ನ ಮೇಲೆ ಸಿಟ್ಟು ಇದೆಯಾ ಎಂದು ಒಳಗೆ ಕೈಯಾಡಿಸಿ ನೋಡುತ್ತೇನೆ. ಏನೂ ಸಿಗುವುದಿಲ್ಲ. ನಾಳೆ ಸಿಕ್ಕರೆ ಬರೆಯುತ್ತೇನೆ.

ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ನನ್ನ ಮೇಲೆ ಶಿಲುಬೆಯೇ ನಿಲ್ಲುತ್ತದೆ. ಬಡಗಿ ಮಾವನಿಗೆ ಹೇಳಿದ್ದೇನೆ. ನೀನು ಒಪ್ಪಬೇಕಾಗಿಲ್ಲ, ನೆಡಬೇಕಾಗಿಲ್ಲ, ಮುಟ್ಟಬೇಕಾಗಿಲ್ಲ. ದೂರ ನಿಂತುಕೋ ಬೇಕಾದರೆ. ಕೊಯ್ಯಬೇಡ.

ಅಮ್ಮ


ಸೆಪ್ಟೆಂಬರ್ ೨೨

ಅಮ್ಮ,

ಕೊಯ್ಯುವುದಿಲ್ಲ.

ನಾನು ನಂಬುವುದು ಬದಲಾಗಿಲ್ಲ. ಬದಲಾಗಿದೆ ಎಂದು ಬರೆದರೆ ನಿನಗೆ ಹಿತವಾಗಬಹುದು, ಆದರೆ ಸುಳ್ಳಾಗುತ್ತದೆ. ಶಿಲುಬೆ ದೇವರು ಕೇಳಿದ ಗುರುತಲ್ಲ ಎಂದೇ ಈಗಲೂ ನನ್ನ ತಿಳಿವಳಿಕೆ. ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತೇನೆ. ನಿನ್ನ ಬಾಗಿಲಲ್ಲಿ ನಿಂತೂ ಹೇಳುತ್ತೇನೆ.

ನಿನ್ನೆ ಕಾರ್ಖಾನೆಯಲ್ಲಿ ಅಂಟು ಬಳಿಯುತ್ತಿದ್ದೆ. ಒಂದು ರಾಶಿ ಮುಗಿದ ಮೇಲೆ ನೋಡಿದರೆ ಎಲ್ಲವನ್ನೂ ತಿರುವುಮುರುವಾಗಿ ಬಳಿದಿದ್ದೆ, ಅಟ್ಟೆಯ ಹೊರಬದಿಗೆ. ಸೂಪರ್‌ವೈಸರ್ ಕೂಗಾಡಿದ. ಅವನ ಬಾಯಿ ಆಡುವುದು ಕಾಣುತ್ತಿತ್ತು. ಪೂರ್ತಿ ಮುಗಿಸಲಿ ಎಂದು ಕಾದು, ಶನಿವಾರ ರಜೆ ಬೇಕು ಎಂದೆ. ಕೊಟ್ಟುಬಿಟ್ಟ.

ಶನಿವಾರ ಬರುತ್ತೇನೆ. ಮನೆಗೇ ಬರುತ್ತೇನೆ. ಆ ಆಯಾ ಬರುವ ಹೊತ್ತು ಯಾವುದೆಂದು ಹೇಳು. ಅವಳಿಗೆ ಏನೂ ಹೇಳುವುದಿಲ್ಲ. ಅವಳ ಪಕ್ಕ ಕೂರಲು ಬಿಡುತ್ತಾಳೇನೋ ನೋಡುತ್ತೇನೆ.

ಅಷ್ಟರೊಳಗೆ ನೀನು ಒಂದು ಕೆಲಸ ಮಾಡು. ಗೋಡೆಯ ಪಕ್ಕದ ಜಾಗವೂ ಇಬ್ಬರದ್ದಾ ಎಂದು ಮೇಸ್ತ್ರಿಯನ್ನು ಕೇಳು. ಇಬ್ಬರದ್ದಾದರೆ ಮೇಲಿನದನ್ನು ಯಾರಿಗೂ ಕೊಡಬೇಡಿ ಎಂದು ಹೇಳು. ನನ್ನ ಹೆಸರಿಗೆ ಬರೆಸು. ನಿನ್ನ ಮೇಲೆ ಏನು ನಿಂತಿರುತ್ತದೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಸಭೆಯಲ್ಲಿ ಇನ್ನೂ ಹೇಳಿಲ್ಲ.

ಶನಿವಾರದ ಮೊದಲ ಬಸ್ಸಿಗೆ ಹತ್ತುವವಳು,
ಸೂಜಿ